ದಪ್ಪ ಮೈಕಿನ ಗುರುಗಳು, ನೋಟ್‌ಬುಕ್ ಹಿಡಿದ ಮೇಷ್ಟ್ರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. (ಹಾಗೆಂದ ಕೂಡಲೇ ಕೆಲವರು ಹುಟ್ಟಿದ ತಾರೀಖು ಹೇಳಿ ಅದೃಷ್ಟದ ಅಂಕಿ ಕೇಳುತ್ತಾರೆ. ಅದಲ್ಲ, ಸ್ಟ್ಯಾಟಿಸ್ಟಿಕ್ಸ್.) ಕೆಲವು ವರ್ಷಗಳಿಂದ ಬಿಡುವಾದಾಗಲೆಲ್ಲ ಆನ್‌ಲೈನ್ ಗುರುಗಳ ಉದ್ದುದ್ದ ಮಾತು ಕೇಳುತ್ತಾ, ಅಂಥವರ ಬಗ್ಗೆ ವಿದ್ವಾಂಸರು ಬರೆದದ್ದನ್ನು ಓದುತ್ತಾ ಬಂದಿದ್ದೇನೆ. ವಿದ್ಯಾರ್ಥಿಗಳು, ಗೆಳೆಯರು, ನೆಂಟರು ಕೇಳುವ ಪ್ರಶ್ನೆಗಳು ಹೆಚ್ಚೂ ಕಡಿಮೆ ಇವೇ. ಕೆಲವಕ್ಕೆ ಉದ್ದ ಉತ್ತರ ಬೇಕು, ಕೆಲವಕ್ಕೆ ಎರಡು ಸಾಲು ಸಾಕು.

ಗುರು ಅಂದರೆ ಯಾರು? ಕಾವಿ ಉಟ್ಟವರಾ?

ಅಲ್ಲ. ದೇವರು, ಧರ್ಮ, ಮಠದ ಗುರುಗಳ ಮಾತು ಇಲ್ಲಿಲ್ಲ. ಇವರು ಟೀ ಶರ್ಟ್ ಹಾಕಿರಬಹುದು, ಸೂಟು ಹಾಕಿರಬಹುದು. ಬೆನ್ನ ಹಿಂದೆ ಪುಸ್ತಕದ ಕಪಾಟು ಇರಬಹುದು. ಮುಂದೆ ಒಂದು ದಪ್ಪ ಮೈಕ್ ಅಂತೂ ಇದ್ದೇ ಇರುತ್ತದೆ. ಇವತ್ತು ಲಸಿಕೆ, ನಾಳೆ ಇತಿಹಾಸ, ನಾಡಿದ್ದು ಕ್ವಾಂಟಮ್ ಭೌತಶಾಸ್ತ್ರ, ಅದರ ಮಾರನೇ ದಿನ ಮದುವೆಗಳು ಯಾಕೆ ಮುರಿಯುತ್ತವೆ ಅನ್ನುವ ವಿಚಾರ. ಎಲ್ಲದಕ್ಕೂ ಉತ್ತರ ರೆಡಿ. ಆ ಆ ವಿಷಯದಲ್ಲಿ ಜೀವನ ಸವೆಸಿದವರಿಗೆ ಕಾಣದ್ದು ಇವರಿಗೆ ಕಂಡಿರುತ್ತದೆ.

2020ರಲ್ಲಿ ಇಬ್ಬರು ಅಕಾಡೆಮಿಕ್‌ಗಳು ಇಂಥವರನ್ನು ಒಬ್ಬೊಬ್ಬರಾಗಿ ಕೇಳಿ ಬಿಡಿಸಿಡುವ ಕೆಲಸ ಶುರು ಮಾಡಿದರು. ಜಪಾನಿನಲ್ಲಿ ಕೆಲಸ ಮಾಡುವ ಮಾನವಶಾಸ್ತ್ರಜ್ಞ ಕ್ರಿಸ್ಟೋಫರ್ ಕ್ಯಾವನಾ ಒಬ್ಬರು, ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಬ್ರೌನ್ ಇನ್ನೊಬ್ಬರು. ಅವರ ಪಾಡ್‌ಕಾಸ್ಟಿನ ಹೆಸರು 'ಡಿಕೋಡಿಂಗ್ ದ ಗುರೂಸ್'. ಇಂಥವರಿಗೆ ಅವರು ಇಟ್ಟ ಹೆಸರು 'ಸೆಕ್ಯುಲರ್ ಗುರು'. ದೇವರಿಲ್ಲದ ಗುರು ಅಂತ ಇಟ್ಟುಕೊಳ್ಳಿ. ದೇವರಿಲ್ಲದಿದ್ದರೂ ಭಕ್ತರಿಗೇನೂ ಕೊರತೆ ಇಲ್ಲ.

'ಸಾರ್ವಜನಿಕ ಬುದ್ಧಿಜೀವಿ' ಅನ್ನುವವರೂ ಇವರೇನಾ?

ಎರಡೂ ಒಂದೇ ಅಲ್ಲ. ಆದರೆ ನಡುವಿನ ಬೇಲಿ ಬಹಳ ತೆಳು.

ಫ್ರಾನ್ಸಿನಲ್ಲಿ ಡ್ರೈಫಸ್ ಎಂಬ ಯಹೂದಿ ಸೇನಾಧಿಕಾರಿಯ ಮೇಲೆ ದೇಶದ್ರೋಹದ ಸುಳ್ಳು ಆರೋಪ ಹೊರಿಸಿ ಶಿಕ್ಷೆ ಕೊಟ್ಟಿದ್ದರು. 1898ರ ಜನವರಿ 13ರಂದು ಕಾದಂಬರಿಕಾರ ಎಮಿಲ್ ಜೋಲಾ ಪತ್ರಿಕೆಯೊಂದರ ಮುಖಪುಟದಲ್ಲಿ ರಾಷ್ಟ್ರಾಧ್ಯಕ್ಷರಿಗೆ ಬಹಿರಂಗ ಪತ್ರ ಬರೆದ. ಬೆನ್ನಿಗೇ ಲೇಖಕರು, ಪ್ರಾಧ್ಯಾಪಕರು ಮರುವಿಚಾರಣೆ ಕೇಳುವ ಮನವಿಗೆ ಸಹಿ ಹಾಕಿದರು. 'ಬುದ್ಧಿಜೀವಿಗಳು' ಅನ್ನುವ ಪದ ಚಲಾವಣೆಗೆ ಬಂದದ್ದು ಆ ಗಲಾಟೆಯಲ್ಲಿ. ಎದುರಾಳಿಗಳು ಅದನ್ನು ಬೈಗುಳವಾಗಿಯೇ ಬಳಸಿದರು. ಕನ್ನಡದಲ್ಲೂ ಈಗ 'ಬುದ್ಧಿಜೀವಿ' ಅಂದರೆ ಹೊಗಳಿದರೋ ತೆಗಳಿದರೋ ಗೊತ್ತಾಗುವುದಿಲ್ಲ, ಅಲ್ವಾ? ಹುಟ್ಟಿದಾಗಲೇ ಆ ಪದಕ್ಕೆ ಎರಡು ಮುಖ ಇತ್ತು.

ಜೋಲಾ ಆ ಪತ್ರಕ್ಕೆ ಬೆಲೆ ತೆತ್ತ. ಮಾನನಷ್ಟದ ಕೇಸಿನಲ್ಲಿ ಶಿಕ್ಷೆಯಾಯಿತು, ಇಂಗ್ಲೆಂಡಿಗೆ ಓಡಿಹೋಗಬೇಕಾಯಿತು. ನನಗೆ ಇದು ಮುಖ್ಯ ಅನ್ನಿಸುತ್ತದೆ. ಅವನು ಒಂದು ನಿರ್ದಿಷ್ಟ ಪ್ರಕರಣದ ಬಗ್ಗೆ, ಹೆಸರು ಹಿಡಿದು, ಬೇರೆಯವರು ಪರೀಕ್ಷಿಸಿ ನೋಡಬಹುದಾದ ಮಾತು ಆಡಿದ. 'ಅವರು ನಿಮಗೆ ನಿಜ ಹೇಳುವುದಿಲ್ಲ' ಅಂತ ಗಾಳಿಯಲ್ಲಿ ಗುಂಡು ಹಾರಿಸಲಿಲ್ಲ.

ಅಕಾಡೆಮಿಕ್‌ಗಳು ಇವರನ್ನು ಪರಿಶೀಲಿಸುವುದು ಅಂದರೆ ಏನು? ಕೂತು ಬೈಯುವುದಾ?

ಬೈಯುವವರೂ ಇದ್ದಾರೆ. ಅದರಿಂದ ಹೆಚ್ಚು ಉಪಯೋಗ ಇಲ್ಲ.

ಒಳ್ಳೆಯ ಕೆಲಸ ಬಹಳ ಬೇಜಾರಿನದು. ಮೂರು ಗಂಟೆಯ ಮಾತನ್ನು ಪೂರ್ತಿ ಕೇಳಬೇಕು. ತುಣುಕು ನೋಡಿ ತೀರ್ಪು ಕೊಡುವ ಹಾಗಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಬೇಕು. ಅದರಲ್ಲಿ ಪರೀಕ್ಷಿಸಬಹುದಾದ ಮಾತು ಯಾವುದು, ಸುಮ್ಮನೆ ಭಾವ ಹುಟ್ಟಿಸುವ ಮಾತು ಯಾವುದು ಅಂತ ಬೇರೆ ಮಾಡಬೇಕು. ಆಮೇಲೆ ಮೊದಲನೆಯದಕ್ಕೆ ಆಧಾರ ಹುಡುಕಬೇಕು.

ಕ್ಯಾವನಾ ಮತ್ತು ಬ್ರೌನ್ ಇದಕ್ಕೊಂದು ಅಳತೆಗೋಲು ಮಾಡಿಕೊಂಡಿದ್ದಾರೆ. ಹೆಸರು 'ಗುರೋಮೀಟರ್'. ಅರ್ಧ ತಮಾಷೆ, ಅರ್ಧ ಗಂಭೀರ. ಎಲ್ಲ ವಿಷಯದಲ್ಲೂ ಪಂಡಿತ ಅನ್ನುವ ಠೀವಿ, ತಾನೊಂದು ಕ್ರಾಂತಿಕಾರಿ ಸಿದ್ಧಾಂತ ಕಂಡುಹಿಡಿದೆ ಅನ್ನುವುದು, ಸಂಸ್ಥೆಗಳೆಲ್ಲ ಕೊಳೆತಿವೆ ಅನ್ನುವುದು, ತನ್ನನ್ನು ತುಳಿದರು ಅನ್ನುವ ಗೋಳು, ಪಿತೂರಿಯ ವಾಸನೆ ಹಿಡಿಯುವುದು, ಅಭಿಮಾನಿಗಳನ್ನು 'ನಾವು ಎಚ್ಚೆತ್ತವರು' ಅಂತ ಒಂದು ಬಳಗ ಮಾಡುವುದು, ಕೊನೆಗೆ ಅದನ್ನೇ ದುಡ್ಡು ಮಾಡಿಕೊಳ್ಳುವುದು. ಇಂಥ ಹತ್ತಕ್ಕೂ ಹೆಚ್ಚು ಗುಣಗಳಿಗೆ ಅಂಕ ಕೊಡುತ್ತಾರೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಗುರು ಹೇಳಿದ್ದು ಸರಿಯೋ ತಪ್ಪೋ ಅನ್ನುವುದಕ್ಕೆ ಈ ಕೋಲು ಉತ್ತರ ಕೊಡುವುದಿಲ್ಲ. ಹೇಳುವ ರೀತಿಯನ್ನು ಮಾತ್ರ ಅಳೆಯುತ್ತದೆ. ಜಾಸ್ತಿ ಅಂಕ ಬಂದವರ ಮಾತು ಕೆಲವೊಮ್ಮೆ ನಿಜವೂ ಇರಬಹುದು.

ನನ್ನದು ಇನ್ನೂ ಸರಳ. ಒಂದು ನೋಟ್‌ಬುಕ್, ನಡುವೆ ಒಂದು ಗೆರೆ. ಎಡಗಡೆ 'ಏನು ಹೇಳಿದರು', ಬಲಗಡೆ 'ಹೇಗೆ ಗೊತ್ತು ಅಂದರು'. ಇತ್ತೀಚೆಗೆ ಒಬ್ಬರ ಮಾತಿನ ಮೊದಲ ಇಪ್ಪತ್ತು ನಿಮಿಷ ಹೀಗೆ ಬರೆದುಕೊಂಡೆ. ಎಡಗಡೆ ಎರಡು ಪುಟ ತುಂಬಿ ಮೂರನೆಯದಕ್ಕೆ ಹೋಯಿತು. ಬಲಗಡೆ ಇದ್ದದ್ದು ನಾಲ್ಕೇ ಸಾಲು: 'ಎಲ್ಲರಿಗೂ ಗೊತ್ತು', 'ಒಂದು ಸ್ಟಡಿ ಇದೆ', 'ನನಗೆ ಒಬ್ಬ ದೊಡ್ಡ ವ್ಯಕ್ತಿ ಖಾಸಗಿಯಾಗಿ ಹೇಳಿದ್ದು', ಮತ್ತೆ 'ನೀವೇ ಯೋಚಿಸಿ'. ಆ ಸ್ಟಡಿ ಯಾವುದು ಅಂತ ಹುಡುಕಿದೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಅಧ್ಯಯನ ನಡೆದದ್ದು ಇಲಿಗಳ ಮೇಲೆ.

ಅರ್ಥವಾಗದಿದ್ದರೂ ಏನೋ ಆಳವಾಗಿದೆ ಅನ್ನಿಸುತ್ತದಲ್ಲ, ಯಾಕೆ?

ಇದು ನನಗೆ ಬಹಳ ಇಷ್ಟವಾದ ಪ್ರಶ್ನೆ. ಸ್ವಲ್ಪ ಜಾಸ್ತಿ ಬರೆದರೆ ಬೇಸರ ಮಾಡಬೇಡಿ.

ಮೊದಲು ಈ ವಾಕ್ಯ ಓದಿ: 'ಅರಿವಿನ ಅಲೆ ಮೌನವನ್ನು ಮುಟ್ಟಿದಾಗಲೇ ಸಾಧ್ಯತೆಯು ತನ್ನನ್ನು ತಾನು ತೆರೆದುಕೊಳ್ಳುತ್ತದೆ.' ಚೆನ್ನಾಗಿದೆಯಾ? ನಾನು ಈಗಷ್ಟೇ ಕೂತು ಕಟ್ಟಿದ್ದು. ಚೀಟಿ ಎತ್ತಿದ ಹಾಗೆ ನಾಲ್ಕು ಪದ ಆರಿಸಿ ವ್ಯಾಕರಣ ಸರಿ ಮಾಡಿದೆ. ಪದಗಳನ್ನು ಅದಲು ಬದಲು ಮಾಡಿ ನೋಡಿ: 'ಮೌನದ ಅಲೆ ಸಾಧ್ಯತೆಯನ್ನು ಮುಟ್ಟಿದಾಗಲೇ ಅರಿವು ತನ್ನನ್ನು ತಾನು ತೆರೆದುಕೊಳ್ಳುತ್ತದೆ.' ಏನೂ ಹಾಳಾಗಲಿಲ್ಲ. ಅರ್ಥ ಇರುವ ವಾಕ್ಯಕ್ಕೆ ಹೀಗೆ ಮಾಡಿದರೆ ಅದು ಕೆಟ್ಟುಹೋಗುತ್ತದೆ. 'ಬೆಕ್ಕು ಹಾಲು ಕುಡಿಯಿತು' ಅನ್ನುವುದನ್ನು ತಿರುಗಿಸಿ ನೋಡಿ, ಗೊತ್ತಾಗುತ್ತದೆ.

ಮನಶ್ಶಾಸ್ತ್ರಜ್ಞ ಗಾರ್ಡನ್ ಪೆನಿಕುಕ್ ಮತ್ತು ಸಂಗಡಿಗರು 2015ರಲ್ಲಿ ಇದನ್ನೇ ಪ್ರಯೋಗ ಮಾಡಿದರು. ಭಾರದ ಪದಗಳನ್ನು ಕಂಪ್ಯೂಟರ್ ಮನಬಂದಂತೆ ಜೋಡಿಸಿದ ವಾಕ್ಯಗಳನ್ನು ಜನರಿಗೆ ಕೊಟ್ಟು, ಎಷ್ಟು ಆಳವಾಗಿದೆ ಅಂತ 1ರಿಂದ 5ರವರೆಗೆ ಅಂಕ ಕೇಳಿದರು. ಸರಾಸರಿ ಸುಮಾರು 2.6 ಬಂತು. 'ಆಳ ಏನೂ ಇಲ್ಲ' ಅನ್ನುವುದಕ್ಕೆ 1 ಕೊಡಬೇಕಿತ್ತು ನೆನಪಿರಲಿ. ಈ ಅಧ್ಯಯನಕ್ಕೆ 2016ರಲ್ಲಿ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ) ಸಿಕ್ಕಿತು. ಅದೂ ಶಾಂತಿ ವಿಭಾಗದಲ್ಲಿ!

ಇಂಗ್ಲಿಷಿನಲ್ಲಿ ಇಂಥ ಮಾತಿಗೆ ಒಂದು ಒರಟು ಪದ ಇದೆ. ಕನ್ನಡದಲ್ಲಿ ನಮಗೆ 'ಬೊಗಳೆ' ಇದೆ, ಅದೇ ಸಾಕು. ಬೊಗಳೆಗೂ ಸುಳ್ಳಿಗೂ ಇರುವ ವ್ಯತ್ಯಾಸವನ್ನು ತತ್ವಶಾಸ್ತ್ರದ ಪ್ರಾಧ್ಯಾಪಕ ಹ್ಯಾರಿ ಫ್ರಾಂಕ್‌ಫರ್ಟ್ 1986ರ ಪ್ರಬಂಧವೊಂದರಲ್ಲಿ ಬಿಡಿಸಿ ಹೇಳಿದರು. ಸುಳ್ಳು ಹೇಳುವವನಿಗೆ ನಿಜ ಏನು ಅಂತ ಗೊತ್ತಿರುತ್ತದೆ, ಅದನ್ನು ಮುಚ್ಚಿಡುತ್ತಾನೆ. ಬೊಗಳೆ ಬಿಡುವವನಿಗೆ ನಿಜವೋ ಸುಳ್ಳೋ ಅನ್ನುವ ಗೊಡವೆಯೇ ಇಲ್ಲ. ಕೇಳುವವರ ಮುಂದೆ ತಾನು ಹೇಗೆ ಕಾಣುತ್ತೇನೆ ಅನ್ನುವುದಷ್ಟೇ ಅವನ ಲೆಕ್ಕ. ಹಾಗಾಗಿ ಗುರುವೊಬ್ಬರನ್ನು 'ಸುಳ್ಳುಗಾರ' ಅಂತ ಕರೆಯುವಾಗ ನಾನು ಹಿಂದೆ ಮುಂದೆ ನೋಡುತ್ತೇನೆ. ಎಷ್ಟೋ ಸಲ ಅವರು ಅಷ್ಟು ದೂರ ಯೋಚಿಸಿರುವುದೇ ಇಲ್ಲ.

ಓದಿದವರು ಇದಕ್ಕೆ ಬೀಳುವುದಿಲ್ಲ ಅಂತೀರಾ? 1970ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದ ಸಂಶೋಧಕರು ಒಬ್ಬ ನಟನನ್ನು ಕರೆತಂದರು. ಅವನಿಗೆ 'ಡಾಕ್ಟರ್ ಫಾಕ್ಸ್' ಅಂತ ಹೆಸರು ಕೊಟ್ಟರು, ದೊಡ್ಡ ಪರಿಚಯ ಬರೆದರು, ಗಣಿತದ ಗೇಮ್ ಥಿಯರಿಯನ್ನು ವೈದ್ಯಕೀಯ ಶಿಕ್ಷಣಕ್ಕೆ ಹೇಗೆ ಬಳಸಬಹುದು ಅಂತ ಭಾಷಣ ಮಾಡಿಸಿದರು. ಅವನಿಗೆ ವಿಷಯದ ಗಂಧ ಗಾಳಿ ಇರಲಿಲ್ಲ. ಎರಡರ್ಥದ ಮಾತು, ಹೊಸದಾಗಿ ಹುಟ್ಟಿಸಿದ ಪದ, ಒಂದಕ್ಕೊಂದು ತಾಳೆಯಾಗದ ವಾಕ್ಯ, ನಡುನಡುವೆ ನಗೆಹನಿ. ಹೀಗೇ ಮಾತಾಡಬೇಕು ಅಂತ ತಾಲೀಮು ಕೊಟ್ಟಿದ್ದರು. ಒಂದು ಗಂಟೆ ಭಾಷಣ, ಅರ್ಧ ಗಂಟೆ ಪ್ರಶ್ನೋತ್ತರ. ಕೇಳುತ್ತಿದ್ದವರು ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಶಿಕ್ಷಣ ತಜ್ಞರು. ಆಮೇಲೆ ಅದರ ವಿಡಿಯೊವನ್ನು ಇನ್ನೆರಡು ಗುಂಪಿಗೂ ತೋರಿಸಿದರು. ಒಟ್ಟು 55 ಜನ. ಹೆಚ್ಚಿನವರು ಮೆಚ್ಚಿಕೊಂಡರು. ಒಬ್ಬರಂತೂ ಫಾಕ್ಸ್ ಅವರ ಲೇಖನಗಳನ್ನು ಹಿಂದೆಯೇ ಓದಿದ್ದೇನೆ ಅಂತ ಬರೆದುಕೊಟ್ಟರು!

ನಾನು ಪ್ರತಿ ವರ್ಷ ಮೊದಲ ಕ್ಲಾಸಿನಲ್ಲಿ ಈ ಕತೆ ಹೇಳುತ್ತೇನೆ. ಆ ವರ್ಷ ಪೂರ್ತಿ ವಿದ್ಯಾರ್ಥಿಗಳು ನನ್ನನ್ನು ಅನುಮಾನದಿಂದ ನೋಡುತ್ತಾರೆ. ಒಳ್ಳೆಯದೇ ಆಯಿತು.

ಆದರೆ ಅವರು ನನ್ನ ಬಗ್ಗೆಯೇ ಹೇಳಿದ ಹಾಗಿತ್ತು!

1948ರಲ್ಲಿ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಒಬ್ಬೊಬ್ಬರಿಗೂ 'ನಿಮ್ಮ ಫಲಿತಾಂಶ' ಅಂತ ಒಂದು ಹಾಳೆ ಹಂಚಿದ. ಎಷ್ಟು ಸರಿಯಾಗಿದೆ ಅಂತ 5ಕ್ಕೆ ಅಂಕ ಕೇಳಿದ. ಸರಾಸರಿ 4.26 ಬಂತು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ. ಬಹುಪಾಲು ವಾಕ್ಯ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. 'ಹೊರಗೆ ಗಟ್ಟಿಯಾಗಿ ಕಾಣುತ್ತೀರಿ, ಒಳಗೆ ಆತಂಕ ಇದೆ' ಅಂದರೆ ಯಾರು ತಾನೇ ಇಲ್ಲ ಅಂತಾರೆ?

ಅವರು ಹೇಳಿದ ಭವಿಷ್ಯ ನಿಜವಾಯಿತಲ್ಲ?

ಯಾವುದು? ಯಾವಾಗ ಹೇಳಿದ್ದು? ಏನಂತ ಹೇಳಿದ್ದು? ದಯವಿಟ್ಟು ಹಳೆಯ ವಿಡಿಯೊ ತೆಗೆದು ನೋಡಿ. ಸಾಮಾನ್ಯವಾಗಿ ಅಲ್ಲಿ ಇರುವುದು 'ದೊಡ್ಡದೊಂದು ಬದಲಾವಣೆ ಬರಲಿದೆ, ಸಿದ್ಧರಾಗಿ' ಅನ್ನುವ ಥರದ ಮಾತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಏನಾದರೂ ಆದರೆ 'ನಾನು ಆಗಲೇ ಹೇಳಿದ್ದೆ', ಆಗದಿದ್ದರೆ 'ಇನ್ನೂ ಬರಲಿದೆ'.

ಈ ವಿಷಯದಲ್ಲಿ ಮನಶ್ಶಾಸ್ತ್ರಜ್ಞ ಫಿಲಿಪ್ ಟೆಟ್ಲಾಕ್ ಮಾಡಿದ ಕೆಲಸಕ್ಕೆ ನಾನು ತಲೆಬಾಗುತ್ತೇನೆ. 284 ತಜ್ಞರನ್ನು ಹಿಡಿದು, ರಾಜಕೀಯ ಮತ್ತು ಆರ್ಥಿಕ ವಿಷಯಗಳ ಬಗ್ಗೆ ಅವರು ಹೇಳಿದ ಸಾವಿರಾರು ಭವಿಷ್ಯಗಳನ್ನು ಬರೆದಿಟ್ಟುಕೊಂಡರು. ಸುಮಾರು 20 ವರ್ಷ ಕಾದರು. 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟಾರೆ ಸಾಧನೆ ನಾಚಿಕೆಗೇಡು. ಅದರಲ್ಲೂ ಹೆಸರು ಮಾಡಿದ, ಮಾಧ್ಯಮದವರು ಪದೇ ಪದೇ ಕರೆಯುವ ತಜ್ಞರ ಲೆಕ್ಕ ಇನ್ನೂ ಕೆಟ್ಟದಾಗಿತ್ತು. ಒಂದೇ ದೊಡ್ಡ ಸೂತ್ರದಿಂದ ಜಗತ್ತನ್ನೆಲ್ಲ ವಿವರಿಸುವವರು ಜಾಸ್ತಿ ಎಡವಿದರು. 'ಹೀಗೂ ಇರಬಹುದು, ಹಾಗೂ ಇರಬಹುದು, ನೋಡೋಣ' ಅನ್ನುವವರು ಸ್ವಲ್ಪ ಮೇಲು. ತೊಂದರೆ ಏನೆಂದರೆ, 'ನೋಡೋಣ' ಅನ್ನುವವರನ್ನು ಮೂರು ಗಂಟೆ ಕೂತು ಯಾರು ಕೇಳುತ್ತಾರೆ?

ಅವರು 'ಸುಮ್ನೆ ಪ್ರಶ್ನೆ ಕೇಳ್ತಾ ಇದೀನಿ' ಅಂತಾರೆ. ಪ್ರಶ್ನೆ ಕೇಳುವುದು ತಪ್ಪಾ?

ಉತ್ತರ ಸಿಕ್ಕ ಮೇಲೆ ನಿಲ್ಲಿಸಿದರೆ ತಪ್ಪಲ್ಲ. ಈಗಾಗಲೇ ಉತ್ತರ ಇರುವ ಪ್ರಶ್ನೆಯನ್ನು ಇಪ್ಪತ್ತನೇ ಸಲ ಕೇಳುವವರಿಗೆ ಉತ್ತರ ಬೇಕಿಲ್ಲ, ಅನುಮಾನ ಬೇಕು.

ಇದರ ಜೊತೆಗೆ ಇನ್ನೊಂದು ಪಟ್ಟು ಇದೆ. ತತ್ವಶಾಸ್ತ್ರಜ್ಞ ನಿಕೋಲಸ್ ಶ್ಯಾಕೆಲ್ 2005ರಲ್ಲಿ ಇದಕ್ಕೆ ಹಳೆಯ ಕೋಟೆಯ ಹೋಲಿಕೆ ಕೊಟ್ಟರು. ಕೆಳಗೆ ಸುಖವಾಗಿ ಓಡಾಡಲು ಬಯಲು, ಪಕ್ಕದಲ್ಲಿ ಎತ್ತರದ ಬುರುಜು. ಬಯಲಿನಲ್ಲಿ ನಿಂತು 'ವೈದ್ಯರೆಲ್ಲ ಕಂಪನಿಗಳಿಗೆ ಮಾರಿಕೊಂಡಿದ್ದಾರೆ' ಅನ್ನುವುದು. ಯಾರಾದರೂ ಕಲ್ಲು ಬೀಸಿದರೆ ಬುರುಜು ಹತ್ತಿ 'ನಾನು ಹೇಳಿದ್ದು ಇಷ್ಟೇ, ಕಂಪನಿಗಳಿಗೆ ಲಾಭದ ಆಸೆ ಇರುತ್ತದೆ ಅಂತ' ಅನ್ನುವುದು. ಎರಡನೆಯದನ್ನು ಯಾರೂ ಅಲ್ಲಗಳೆಯಲು ಆಗುವುದಿಲ್ಲ. ಕಲ್ಲು ಬೀಸಿದವರು ಹೋದ ಮೇಲೆ ಮತ್ತೆ ಬಯಲಿಗೆ ಇಳಿಯುವುದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಅಷ್ಟು ಗೊತ್ತಿದ್ದರೆ ತಜ್ಞರು ನೇರವಾಗಿ ಚರ್ಚೆಗೆ ಬರಲಿ. ಹೆದರಿಕೆ ಯಾಕೆ?

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇದೇ ಮಾತನ್ನು ಇಟಲಿಯ ಪ್ರೋಗ್ರಾಮರ್ ಆಲ್ಬರ್ಟೊ ಬ್ರಾಂಡೊಲಿನಿ 2013ರಲ್ಲಿ ಬೊಗಳೆಯ ಬಗ್ಗೆ ಹೇಳಿದ, ಅದಕ್ಕೆ ಅವನ ಹೆಸರಿನ ನಿಯಮ ಅಂತಲೇ ಹೆಸರು ಬಂತು. ಅದನ್ನು ಹುಟ್ಟಿಸುವುದಕ್ಕಿಂತ ಅಳಿಸುವುದಕ್ಕೆ ಎಷ್ಟೋ ಪಟ್ಟು ಹೆಚ್ಚು ಶ್ರಮ ಬೇಕು ಅಂತ. ನಮ್ಮ ಗಾದೆ ಅದಕ್ಕಿಂತ ಎಷ್ಟೋ ಹಳೆಯದು.

ವೇದಿಕೆಯ ಮೇಲೆ ಇದು ಹೇಗೆ ನಡೆಯುತ್ತದೆ ನೋಡಿ. ವಿಕಾಸವಾದವನ್ನು ವಿರೋಧಿಸುತ್ತಿದ್ದ ಡ್ವೇನ್ ಗಿಶ್ ಎಂಬಾತ ಚರ್ಚೆಗಳಲ್ಲಿ ಒಂದರ ಮೇಲೊಂದು ಆಕ್ಷೇಪವನ್ನು ಮಳೆಯ ಹಾಗೆ ಸುರಿಯುತ್ತಿದ್ದ. ಯೂಜಿನಿ ಸ್ಕಾಟ್ ಎಂಬ ಮಾನವಶಾಸ್ತ್ರಜ್ಞೆ 1994ರಲ್ಲಿ ಇದಕ್ಕೆ 'ಗಿಶ್ ಗ್ಯಾಲಪ್' ಅಂತ ಹೆಸರಿಟ್ಟರು. ಗಿಶ್‌ನ ಕುದುರೆ ಓಟ. ಒಂದು ಆಕ್ಷೇಪಕ್ಕೆ ಉತ್ತರಿಸುವಷ್ಟರಲ್ಲಿ ಟೈಮ್ ಮುಗಿಯುತ್ತದೆ. ಉಳಿದವಕ್ಕೆ ಉತ್ತರ ಇಲ್ಲ ಅಂತ ಸಭಿಕರು ತಿಳಿಯುತ್ತಾರೆ. ಬರವಣಿಗೆಯಲ್ಲಾದರೆ ಒಂದೊಂದನ್ನೇ ಹಿಡಿದು ಉತ್ತರಿಸಬಹುದು. ಅದಕ್ಕೇ ಗುರುಗಳಿಗೆ ಬರವಣಿಗೆಯ ಚರ್ಚೆ ಹಿಡಿಸುವುದಿಲ್ಲ.

ದೊಡ್ಡ ದೊಡ್ಡ ಡಿಗ್ರಿ, ಪ್ರಶಸ್ತಿ ಇರುವವರೂ ಇದ್ದಾರಲ್ಲ?

ಇದ್ದಾರೆ. ಲೈನಸ್ ಪೌಲಿಂಗ್‌ಗೆ 1954ರಲ್ಲಿ ರಸಾಯನಶಾಸ್ತ್ರದ ನೊಬೆಲ್, 1962ರ ಶಾಂತಿ ನೊಬೆಲ್ ಎರಡೂ ಬಂದಿವೆ. ಆಮೇಲೆ ದಿನಕ್ಕೆ ರಾಶಿ ರಾಶಿ ವಿಟಮಿನ್ ಸಿ ತಿಂದರೆ ಶೀತ ಬರುವುದಿಲ್ಲ, ಕ್ಯಾನ್ಸರಿಗೂ ಒಳ್ಳೆಯದು ಅಂತ ಹೊರಟರು. ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. ಡಿಎನ್‌ಎ ತುಣುಕನ್ನು ಲಕ್ಷಾಂತರ ನಕಲು ಮಾಡುವ ಪಿಸಿಆರ್ ವಿಧಾನ ಕಂಡುಹಿಡಿದು 1993ರಲ್ಲಿ ನೊಬೆಲ್ ಪಡೆದ ಕ್ಯಾರಿ ಮುಲ್ಲಿಸ್, ಏಡ್ಸ್ ಬರುವುದು ಎಚ್‌ಐವಿಯಿಂದ ಅನ್ನುವುದನ್ನೇ ಒಪ್ಪಲಿಲ್ಲ. ಇಬ್ಬರ ಬುದ್ಧಿಯ ಬಗ್ಗೆಯೂ ಅನುಮಾನ ಬೇಡ. ತಮ್ಮ ಹೊಲದಲ್ಲಿ ಬಂಗಾರ ಬೆಳೆದವರು ಪಕ್ಕದ ಹೊಲಕ್ಕೂ ನೇಗಿಲು ಹಾಕಿದರು, ಅಷ್ಟೆ.

ತತ್ವಶಾಸ್ತ್ರಜ್ಞ ನಾಥನ್ ಬ್ಯಾಲಂಟೈನ್ 2019ರ ಲೇಖನವೊಂದರಲ್ಲಿ ಇದನ್ನು ಜ್ಞಾನದ ಅತಿಕ್ರಮ ಪ್ರವೇಶ ಅನ್ನುವ ಅರ್ಥದಲ್ಲಿ ಚರ್ಚಿಸಿದರು. ಪಕ್ಕದ ಹೊಲಕ್ಕೆ ಹೋಗಲೇಬಾರದು ಅಂತ ಅಲ್ಲ. ಹಾಗೆ ಅಂದುಬಿಟ್ಟರೆ ಎಷ್ಟೋ ಹೊಸ ವಿದ್ಯೆಗಳು ಹುಟ್ಟುತ್ತಲೇ ಇರಲಿಲ್ಲ. ಹೋಗುವ ಮುಂಚೆ ಅಲ್ಲಿ ಉಳುತ್ತಿರುವವರನ್ನು ಒಂದು ಮಾತು ಕೇಳಬೇಕು. ಗುರು ಕೇಳುವುದಿಲ್ಲ. ಅವರಿಗೇ ಪಾಠ ಹೇಳುತ್ತಾನೆ.

ಒಳ್ಳೆಯ ಮಾತೂ ಹೇಳುತ್ತಾರಲ್ಲ? ನನ್ನ ಬದುಕು ಸುಧಾರಿಸಿದೆ.

ನಿಜ ಇರಬಹುದು, ನಾನು ಅದನ್ನು ತಳ್ಳಿಹಾಕುವುದಿಲ್ಲ. ಬೇಗ ಮಲಗು, ವ್ಯಾಯಾಮ ಮಾಡು, ಫೋನ್ ಪಕ್ಕಕ್ಕಿಡು, ಕೊಟ್ಟ ಮಾತು ಉಳಿಸಿಕೋ. ಇದನ್ನೆಲ್ಲ ಅಮ್ಮ ಹೇಳಿದಾಗ ಕಿವಿಗೆ ಹೋಗಲಿಲ್ಲ, ಇವರು ಹೇಳಿದಾಗ ಹೋಯಿತು. ಅದಕ್ಕೆ ಅವರಿಗೆ ಥ್ಯಾಂಕ್ಸ್ ಹೇಳಿ. ಆದರೆ ನಿದ್ದೆಯ ಬಗ್ಗೆ ಸರಿ ಹೇಳಿದರು ಅಂತ ಲಸಿಕೆಯ ಬಗ್ಗೆಯೂ ಸರಿ ಹೇಳಿರಬೇಕಾಗಿಲ್ಲ. ಮೊದಲನೆಯದರಿಂದ ಗಳಿಸಿದ ನಂಬಿಕೆಯನ್ನು ಎರಡನೆಯದಕ್ಕೆ ಖರ್ಚು ಮಾಡುತ್ತಾರೆ. ಬೇರೆ ಬೇರೆ ಬಿಲ್ ಕೇಳಿ.

ನೀವು ಯಾವತ್ತೂ ಯಾರಿಗೂ ಮರುಳಾಗಿಲ್ಲವಾ?

ಆಗಿದ್ದೇನೆ. ಸುಮಾರು ಎರಡು ವರ್ಷ ಒಬ್ಬರ ಮಾತು ಬಿಡದೆ ಕೇಳಿದೆ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ, ರಾತ್ರಿ ಮಲಗುವ ಮುಂಚೆ. ಹೆಸರು ಬೇಡ. ಇತಿಹಾಸ, ಆಹಾರ, ಶಿಕ್ಷಣ, ಎಲ್ಲದರ ಬಗ್ಗೆ ನಿಧಾನವಾಗಿ, ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಇಂಥ ತಿಳಿವಳಿಕೆ ನಮ್ಮ ಸ್ಟಾಫ್ ರೂಮಿನಲ್ಲಿ ಯಾರಿಗೂ ಇಲ್ಲವಲ್ಲ ಅಂದುಕೊಳ್ಳುತ್ತಿದ್ದೆ.

ಒಂದು ದಿನ ಅವರು ನನ್ನ ವಿಷಯಕ್ಕೆ ಬಂದರು. ಔಷಧಿಯೊಂದರ ಅಧ್ಯಯನ ತೋರಿಸಿ, 'ಪಿ-ವ್ಯಾಲ್ಯೂ 0.05 ಅಂತಿದೆ, ಅಂದರೆ ಇದು ಶೇಕಡಾ 95ರಷ್ಟು ನಿಜ' ಅಂದರು. ಕೈಯಲ್ಲಿದ್ದ ಪಾತ್ರೆ ಹಾಗೇ ನಿಂತಿತು. ಇದು ಮೊದಲ ವರ್ಷದ ಹುಡುಗರು ಮಾಡುವ ತಪ್ಪು. ಔಷಧಿಗೆ ಯಾವ ಪರಿಣಾಮವೂ ಇಲ್ಲ ಅಂತ ಇಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಸಿಗುವ ಸಂಭವ ಎಷ್ಟು ಅನ್ನುವುದನ್ನು ಆ ಅಂಕಿ ಹೇಳುತ್ತದೆ. ಮಾತು ನಿಜವಾಗಿರುವ ಸಂಭವ ಎಷ್ಟು ಅನ್ನುವುದು ಬೇರೆಯೇ ಲೆಕ್ಕ. ತಪ್ಪು ಯಾರಿಗೂ ಆಗುತ್ತದೆ, ಬಿಡಿ. ನನ್ನನ್ನು ಕೆಡಿಸಿದ್ದು ಅದಲ್ಲ. ಅದೇ ನಿಧಾನ, ಅದೇ ತಗ್ಗಿದ ದನಿ, ಅದೇ ಅರ್ಧ ಕ್ಷಣದ ಮೌನ. ಗೊತ್ತಿರುವುದನ್ನು ಹೇಳುವಾಗಲೂ ಗೊತ್ತಿಲ್ಲದ್ದನ್ನು ಹೇಳುವಾಗಲೂ ದನಿಯಲ್ಲಿ ಕೂದಲೆಳೆಯ ವ್ಯತ್ಯಾಸ ಇರಲಿಲ್ಲ. ಹಾಗಾದರೆ ಆ ಎರಡು ವರ್ಷ ಇತಿಹಾಸದ ಬಗ್ಗೆ ನಾನು ತಲೆಯಾಡಿಸಿದ್ದು ಯಾವುದಕ್ಕೆ?

ಒಬ್ಬ ಇತಿಹಾಸದ ಮೇಷ್ಟ್ರನ್ನು ಕೇಳಿದೆ. ಅವರು ನಕ್ಕು, 'ನನ್ನ ವಿಷಯ ಬಿಡಿ, ಸ್ಟ್ಯಾಟಿಸ್ಟಿಕ್ಸ್ ಚೆನ್ನಾಗಿ ಹೇಳ್ತಾರೆ ಅಂದುಕೊಂಡಿದ್ದೆ' ಅಂದರು.

ಅವರು ನನ್ನ ಸ್ನೇಹಿತರ ಹಾಗೆ ಅನ್ನಿಸುತ್ತಾರೆ. ಟೀಕಿಸಿದರೆ ನನಗೇ ನೋವಾಗುತ್ತದೆ.

ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ಸಂಶೋಧಕರು 1956ರಲ್ಲೇ ರೇಡಿಯೊ, ಟಿವಿ ನಿರೂಪಕರ ಬಗ್ಗೆ ಇದನ್ನು ಗಮನಿಸಿದ್ದರು. ಒಂದೇ ಕಡೆಯ ಸ್ನೇಹ. ನಿಮಗೆ ಅವರ ನಾಯಿಯ ಹೆಸರು ಗೊತ್ತು, ಅವರಿಗೆ ನಿಮ್ಮ ಹೆಸರು ಗೊತ್ತಿಲ್ಲ. ಈಗ ಕಿವಿಯೊಳಗೇ ಇಯರ್‌ಫೋನ್ ಇದೆ. ವಾರಕ್ಕೆ ಆರು ಗಂಟೆ ಯಾವ ಗೆಳೆಯ ನಮ್ಮ ಕಿವಿಯಲ್ಲಿ ಮಾತಾಡುತ್ತಾನೆ? ನೋವಾಗುವುದು ಸಹಜ. ಆ ನೋವನ್ನೇ ವಾದ ಅಂತ ಅಂದುಕೊಳ್ಳಬೇಡಿ.

ಇದೆಲ್ಲ ಪ್ರಾಧ್ಯಾಪಕರ ಹೊಟ್ಟೆಕಿಚ್ಚಲ್ವಾ?

ಸ್ವಲ್ಪ ಇರಬಹುದು. ನನ್ನ ಕ್ಲಾಸಿಗೆ ಬರುವವರು ನಲವತ್ತು ಜನ, ಅದರಲ್ಲೂ ಹಿಂದಿನ ಬೆಂಚು ನಿದ್ದೆ. ಆದರೆ ಹೊಟ್ಟೆಕಿಚ್ಚಿನವರು ತೋರಿಸಿದರೂ ತಪ್ಪು ತಪ್ಪೇ.

ಅಕಾಡೆಮಿಕ್‌ಗಳೇನು ಸಾಚಾನಾ?

ಇಲ್ಲ. ಇದನ್ನು ಜೋರಾಗಿಯೇ ಹೇಳಬೇಕು.

1996ರಲ್ಲಿ ಭೌತವಿಜ್ಞಾನಿ ಅಲನ್ ಸೋಕಲ್ ಬೇಕೆಂದೇ ಅರ್ಥವಿಲ್ಲದ ಲೇಖನ ಬರೆದು 'ಸೋಷಿಯಲ್ ಟೆಕ್ಸ್ಟ್' ಎಂಬ ವಿದ್ವತ್ ಪತ್ರಿಕೆಗೆ ಕಳಿಸಿದರು. ಪತ್ರಿಕೆಯವರು ಅಚ್ಚು ಹಾಕಿದರು. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯ 12 ಮಕ್ಕಳನ್ನು ಮುಂದಿಟ್ಟುಕೊಂಡು ಎಂಎಂಆರ್ (ದಡಾರ, ಮಂಪ್ಸ್, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ್ದು ಯಾವುದೋ ಚಾನೆಲ್‌ನಲ್ಲಿ ಅಲ್ಲ, ಹೆಸರಾಂತ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್'ನಲ್ಲಿ. ಅದನ್ನು ಹಿಂತೆಗೆದುಕೊಂಡದ್ದು 2010ರಲ್ಲಿ. ಹನ್ನೆರಡು ವರ್ಷ! 2015ರಲ್ಲಿ ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೂಲದಲ್ಲಿ ಶೇ. 97ರಷ್ಟು ಅಧ್ಯಯನಗಳು ಪರಿಣಾಮ ಇದೆ ಅಂದಿದ್ದವು. ಎರಡನೇ ಸಲ ಹಾಗೆ ಬಂದದ್ದು ಶೇ. 36ರಷ್ಟರಲ್ಲಿ ಮಾತ್ರ.

ಗುರುಗಳು ಈ ಪಟ್ಟಿಯನ್ನು ಬಾಯಿಪಾಠ ಮಾಡಿರುತ್ತಾರೆ. ಅವರಿಗೆ ಈ ಮದ್ದುಗುಂಡು ಸಿಕ್ಕಿದ್ದು ಎಲ್ಲಿಂದ? ಸೋಕಲ್ ಪ್ರಾಧ್ಯಾಪಕ. ಆ 100 ಅಧ್ಯಯನ ಮತ್ತೆ ಮಾಡಿದವರೂ ಮನಶ್ಶಾಸ್ತ್ರಜ್ಞರೇ. ವೇಕ್‌ಫೀಲ್ಡ್ ಪ್ರಕರಣವನ್ನು ಬಯಲಿಗೆಳೆದದ್ದು ಬ್ರಿಯಾನ್ ಡೀರ್ ಎಂಬ ಪತ್ರಕರ್ತ, ಅದನ್ನೂ ಮರೆಯಬಾರದು. ಮನೆಯೊಳಗೆ ಕಸ ಇದೆ, ಗುಡಿಸುವವರೂ ಇದ್ದಾರೆ. ಗುರುಗಳ ಮನೆಯಲ್ಲಿ ಪೊರಕೆ ಎಲ್ಲಿದೆ ತೋರಿಸಿ.

ಟೀಕಿಸಿದರೆ ಕೇಸ್ ಹಾಕುವುದಿಲ್ಲವಾ?

ಹಾಕುತ್ತಾರೆ. ವಿಜ್ಞಾನ ಲೇಖಕ ಸೈಮನ್ ಸಿಂಗ್ 2008ರಲ್ಲಿ ಬ್ರಿಟನ್ನಿನ ಕೈರೋಪ್ರ್ಯಾಕ್ಟಿಕ್ ಸಂಘವನ್ನು ಪತ್ರಿಕೆಯಲ್ಲಿ ಟೀಕಿಸಿದರು. ಬೆನ್ನುಮೂಳೆ ಒತ್ತಿ ಮಕ್ಕಳ ಅಸ್ತಮಾದಂಥ ಕಾಯಿಲೆಗಳಿಗೂ ಪರಿಹಾರ ಸಿಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ ಅಂದರು. ಸಂಘ ಅವರ ಮೇಲೆಯೇ ಮಾನನಷ್ಟದ ದಾವೆ ಹೂಡಿತು. ಎರಡು ವರ್ಷ ಎಳೆದಾಡಿ 2010ರಲ್ಲಿ ವಾಪಸ್ ತೆಗೆದುಕೊಂಡಿತು. ಆ ಗಲಾಟೆ ಕಾನೂನು ಬದಲಾವಣೆಗೂ ದಾರಿಯಾಯಿತು. 2013ರ ಹೊಸ ಕಾಯ್ದೆಯಲ್ಲಿ, ತಜ್ಞರ ಪರಿಶೀಲನೆಗೆ ಒಳಪಟ್ಟ ವಿದ್ವತ್ ಲೇಖನಗಳಿಗೆ ರಕ್ಷಣೆ ಸಿಕ್ಕಿತು. ಗೆದ್ದರೂ ಸಿಂಗ್ ಅವರ ಎರಡು ವರ್ಷ ಹೋಯಿತು. 'ವಾಕ್ ಸ್ವಾತಂತ್ರ್ಯ' ಅಂತ ದಿನವೂ ಭಾಷಣ ಮಾಡುವ ಗುರು ವಕೀಲರ ನೋಟಿಸ್ ಕಳಿಸಿದಾಗ ಇದು ನೆನಪಾಗುತ್ತದೆ.

ದುಡ್ಡು ಮಾಡುವುದು ತಪ್ಪಾ?

ತಪ್ಪಲ್ಲ. ನಾನೂ ಸಂಬಳ ತೆಗೆದುಕೊಳ್ಳುತ್ತೇನೆ. ಕಾಯಿಲೆಯ ಹೆದರಿಕೆ ಹುಟ್ಟಿಸಿದವರೇ ಪಕ್ಕದಲ್ಲಿ ಔಷಧಿ ಡಬ್ಬ ಇಟ್ಟುಕೊಂಡಿದ್ದರೆ ಮಾತ್ರ ಸ್ವಲ್ಪ ಎಚ್ಚರ. ಆಸ್ಟ್ರೇಲಿಯಾದ ಬೆಲ್ ಗಿಬ್ಸನ್ ತನಗೆ ಮಿದುಳಿನ ಕ್ಯಾನ್ಸರ್ ಇದೆ, ಆಹಾರದಿಂದಲೇ ನಿಭಾಯಿಸುತ್ತಿದ್ದೇನೆ ಅಂತ ಹೇಳಿ ಆ್ಯಪ್ ಮಾರಿದಳು, ಪುಸ್ತಕ ಮಾರಿದಳು. 2015ರಲ್ಲಿ ಕ್ಯಾನ್ಸರೇ ಇರಲಿಲ್ಲ ಅಂತ ಬಯಲಾಯಿತು. 2017ರಲ್ಲಿ ಕೋರ್ಟ್ 4,10,000 ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು.

ಮನೆಯಲ್ಲಿ ಒಬ್ಬರು ಪೂರ್ತಿ ನಂಬಿಬಿಟ್ಟಿದ್ದಾರೆ. ಏನು ಮಾಡಲಿ?

ಗುರುವನ್ನು ಬೈಯಬೇಡಿ. ಬೈದರೆ 'ನಿಮ್ಮವರೇ ನಿಮ್ಮನ್ನು ವಿರೋಧಿಸುತ್ತಾರೆ' ಅಂತ ಗುರು ಮೊದಲೇ ಹೇಳಿದ್ದು ನಿಜವಾಗುತ್ತದೆ. ನೂರು ಲಿಂಕ್ ಕಳಿಸಬೇಡಿ, ಯಾರೂ ತೆರೆಯುವುದಿಲ್ಲ. ಅವರಿಗೆ ಚೆನ್ನಾಗಿ ಗೊತ್ತಿರುವ ವಿಷಯ ಯಾವುದು ನೋಡಿ. ಹೊಲಿಗೆ, ಬ್ಯಾಂಕ್ ಕೆಲಸ, ಎಂಜಿನ್ ರಿಪೇರಿ, ಏನೇ ಇರಲಿ. ಆ ಗುರು ಅದರ ಬಗ್ಗೆ ಏನಾದರೂ ಹೇಳಿದ್ದಾರಾ ಹುಡುಕಿ. ಸಿಕ್ಕರೆ ಜೊತೆಗೆ ಕೂತು ಕೇಳಿ, ನೀವು ಮಾತಾಡಬೇಡಿ. ನನ್ನ ಪಾತ್ರೆ ನಿಂತ ಹಾಗೆ ಅವರ ಸೂಜಿಯೂ ನಿಲ್ಲಬಹುದು. ನಿಲ್ಲದೆಯೂ ಇರಬಹುದು.

ಔಷಧಿ ಬಿಟ್ಟಿದ್ದರೆ ಅಥವಾ ಉಳಿತಾಯದ ಹಣ ಸುರಿಯುತ್ತಿದ್ದರೆ ಮಾತ್ರ ಇಷ್ಟು ತಾಳ್ಮೆ ಬೇಡ. ಆಗ ವೈದ್ಯರನ್ನೋ ಅವರು ಗೌರವಿಸುವ ಹಿರಿಯರನ್ನೋ ಕೂಡಲೇ ಕರೆಸಿ.

ಒಂದೇ ಒಂದು ಗುರುತು ಹೇಳಿ ಅಂದರೆ?

'ಇಂಥ ದಿನ, ಇಂಥ ಮಾತು ಹೇಳಿದ್ದೆ, ಅದು ತಪ್ಪು, ಇಂಥ ಕಾರಣಕ್ಕೆ' ಅಂತ ಅವರು ಕೊನೆಯ ಸಲ ಹೇಳಿದ್ದು ಯಾವಾಗ? 'ನಾನೂ ಮನುಷ್ಯ, ತಪ್ಪು ಮಾಡುತ್ತೇನೆ' ಅನ್ನುವುದು ಲೆಕ್ಕಕ್ಕಿಲ್ಲ. ಅದು ವಿನಯದ ಪೌಡರ್.

ನೀವು ಯಾರ ಹೆಸರನ್ನೂ ಹೇಳುತ್ತಿಲ್ಲ. ಈಗ ಚಾಲ್ತಿಯಲ್ಲಿರುವ ನಾಲ್ಕು ಹೆಸರು ಹೇಳಿ.

ಹೇಳಿದರೆ ಅರ್ಧ ಜನ ಸಿಟ್ಟಾಗಿ ಎದ್ದು ಹೋಗುತ್ತಾರೆ. ಉಳಿದ ಅರ್ಧ ಜನ ತಮ್ಮ ಗುರುವಿನ ಹೆಸರು ಬರಲಿಲ್ಲ ಅಂತ ನೆಮ್ಮದಿಯಾಗಿ ಮಲಗುತ್ತಾರೆ. ಬದಲಿಗೆ ನಿಮಗೆ ತುಂಬಾ ಇಷ್ಟವಾದವರ ಹೊಸ ವಿಡಿಯೊ ಹಾಕಿ. ಒಂದು ಹಾಳೆ, ನಡುವೆ ಒಂದು ಗೆರೆ, ಇಪ್ಪತ್ತು ನಿಮಿಷ. ಬಲಗಡೆಯೂ ಎಡಗಡೆಯಷ್ಟೇ ತುಂಬಿದರೆ ಅವರ ಹೆಸರು ನನಗೂ ಹೇಳಿ. ಪಾತ್ರೆ ತೊಳೆಯುವಾಗ ಕೇಳಲು ಈಗ ನನಗೆ ಯಾರೂ ಇಲ್ಲ.